ಎದೆಯ ಮೇಲಿನ ಬಿಲ್ಲೆ, ಶಾಲೆಯ ಬಾಗಿಲು

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಅಮೆರಿಕದಲ್ಲಿ ಇದೇ ಸಾಲಿಗೆ ಸೇರುವ ಇನ್ನೊಂದು ಹವ್ಯಾಸವಿದೆ. ಅಂಗಿಗೆ ಚುಚ್ಚಿಕೊಳ್ಳುವ ದುಂಡನೆಯ ತಗಡಿನ ಬ್ಯಾಡ್ಜುಗಳನ್ನು ಕೂಡಿಡುವುದು. ಅಲ್ಲಿ ಅದಕ್ಕೆ ‘ಬಟನ್’ ಎಂದು ಹೆಸರು. ಇಲ್ಲಿ ಬಿಲ್ಲೆ ಎಂದರೂ ಸರಿ, ಬ್ಯಾಡ್ಜು ಎಂದರೂ ಸರಿ. ಚುನಾವಣೆಯ ಬಿಲ್ಲೆಗಳೇ ಇದರಲ್ಲಿ ಹೆಚ್ಚು. ಆದರೆ ಇತಿಹಾಸ ಬಲ್ಲವರು ಹೆಚ್ಚು ಜೋಪಾನವಾಗಿ ಕಾಪಾಡುವುದು ಚಳವಳಿಯ ಬಿಲ್ಲೆಗಳನ್ನು. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಒಂದೇ ಶಾಲೆ ಇರಬೇಕೆಂದು ನಡೆದ ಹೋರಾಟದ ಬಿಲ್ಲೆಗಳು ಅವುಗಳಲ್ಲಿ ಮುಖ್ಯವಾದವು. ವಾಷಿಂಗ್ಟನ್ ನಗರದಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಂಥ ಬಿಲ್ಲೆಗಳನ್ನು ಇಟ್ಟಿದ್ದಾರೆ. ಮಾಡಿಸುವಾಗ ಕೆಲವು ಸೆಂಟುಗಳಷ್ಟೇ ಬೆಲೆಯಿದ್ದ ಈ ತಗಡಿಗೆ ಇಷ್ಟು ಗೌರವ ಏಕೆ?

ಒಂದೇ ವರ್ಷದ ಎರಡು ಸಂಗತಿ

1896ನೇ ಇಸವಿಯಲ್ಲಿ ಅಮೆರಿಕದಲ್ಲಿ ಎರಡು ಸಂಗತಿಗಳು ನಡೆದವು. ಒಂದಕ್ಕೊಂದು ಸಂಬಂಧವಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ಲೆಸಿ ಎಂಬುವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಕರಿಯರಿಗೆ ಬೇರೆ ರೈಲು ಡಬ್ಬಿ ಇಡುವುದು ತಪ್ಪಲ್ಲ, ಸೌಕರ್ಯ ಸಮನಾಗಿದ್ದರೆ ಸಾಕು ಎಂದಿತು. ಇದೇ ತರ್ಕವನ್ನು ಶಾಲೆಗಳಿಗೂ ಹಚ್ಚಿದರು. ಬೇರೆ ಬೇರೆ ಶಾಲೆಗಳೇನೋ ಉಳಿದವು. ಸಮಾನತೆ ಮಾತ್ರ ಕಾಗದದಲ್ಲೇ ಉಳಿಯಿತು. ಕರಿಯ ಮಕ್ಕಳ ಶಾಲೆಗೆ ಹಳೆಯ ಪುಸ್ತಕ, ಸೋರುವ ಸೂರು, ಕಡಿಮೆ ಸಂಬಳದ ಮೇಷ್ಟರು.

ಅದೇ ವರ್ಷ ಜುಲೈನಲ್ಲಿ ನ್ಯೂಜೆರ್ಸಿಯ ನೆವಾರ್ಕ್ ಊರಿನ ವೈಟ್‌ಹೆಡ್ ಅಂಡ್ ಹೋಗ್ ಎಂಬ ಕಂಪನಿ ಬಿಲ್ಲೆ ತಯಾರಿಕೆಗೆ ಪೇಟೆಂಟು ಪಡೆಯಿತು. ಅಚ್ಚು ಮಾಡಿದ ಒಂದು ದುಂಡು ಕಾಗದ. ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆ. ಕೆಳಗೆ ಬಟ್ಟಲಿನಂತೆ ಬಾಗಿದ ತಗಡು. ಮೂರನ್ನೂ ಒತ್ತಿ, ಅಂಚನ್ನು ಹಿಂದಕ್ಕೆ ಮಡಿಸಿ, ಒಂದು ಲೋಹದ ಬಳೆಯಿಂದ ಬಿಗಿದು, ಬಳೆಯ ಒಳಗೆ ಬಾಗಿಸಿದ ತಂತಿಯ ಪಿನ್ನು ಸಿಕ್ಕಿಸಿದರೆ ಬಿಲ್ಲೆ ಸಿದ್ಧ. ತಂತಿ ಸ್ಪ್ರಿಂಗಿನಂತೆ ಕೆಲಸ ಮಾಡುವುದರಿಂದ ಅಂಟು ಬೇಡ, ಬೆಸುಗೆ ಬೇಡ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲೇ ಬಿಲ್ಲೆಗಳು ರಾಶಿ ರಾಶಿಯಾಗಿ ಹಂಚಿಕೆಯಾದವು. ಪತ್ರಿಕೆ ಕೊಳ್ಳಲಾಗದವನೂ ತನ್ನ ಅಭಿಪ್ರಾಯವನ್ನು ಎದೆಯ ಮೇಲೆ ಹೊತ್ತು ತಿರುಗುವ ಹಾಗಾಯಿತು.

ಸುಮಾರು ಅರವತ್ತು ವರ್ಷಗಳ ನಂತರ ಈ ಎರಡು ದಾರಿಗಳು ಕೂಡಿಕೊಂಡವು. 1954ರ ಮೇ 17ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರೂ ಒಮ್ಮತದಿಂದ, ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಮಾನಿಸಿದರು. ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನ ಆಲಿವರ್ ಬ್ರೌನ್ ತಮ್ಮ ಮಗಳು ಲಿಂಡಾಳಿಗಾಗಿ ಹೂಡಿದ ದಾವೆ ಇದರಲ್ಲಿ ಸೇರಿತ್ತು. ವಿಚಾರಣೆಯಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಯ ಒಂದು ಪ್ರಯೋಗವೂ ಬಳಕೆಯಾಯಿತು. ಬಣ್ಣ ಬಿಟ್ಟರೆ ಬೇರೆಲ್ಲ ಒಂದೇ ತೆರನಾದ ಎರಡು ಗೊಂಬೆಗಳನ್ನು ಪುಟ್ಟ ಮಕ್ಕಳ ಮುಂದಿಟ್ಟು, ಯಾವುದು ಒಳ್ಳೆಯ ಗೊಂಬೆ ಎಂದು ಕೇಳುತ್ತಿದ್ದರು. ಕರಿಯ ಮಕ್ಕಳಲ್ಲೂ ಬಹಳ ಮಂದಿ ಬಿಳಿಯ ಗೊಂಬೆಯತ್ತ ಕೈ ತೋರಿಸಿದರು. ಬೇರೆ ಕೂರಿಸುವುದರಿಂದ ಮಗುವಿಗೆ ಪಾಠ ತಪ್ಪುವುದಷ್ಟೇ ಅಲ್ಲ, ತನ್ನ ಬಗ್ಗೆ ತನಗೇ ಕೀಳು ಭಾವನೆ ಬೆಳೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಮಕ್ಕಳ ಮೆರವಣಿಗೆ

ತೀರ್ಪು ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಲಿಟ್ಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಹೈಸ್ಕೂಲಿನೊಳಗೆ ಕರೆದೊಯ್ಯಲು ಸೈನ್ಯ ಬರಬೇಕಾಯಿತು. 1960ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಹುಡುಗಿ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ಶಾಲೆಗೆ ಹೋದಳು. ಬಿಳಿಯ ಪಾಲಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವರ್ಷ ತರಗತಿಯಲ್ಲಿ ಇದ್ದದ್ದು ಇಬ್ಬರೇ: ರೂಬಿ ಮತ್ತು ಅವಳ ಟೀಚರ್ ಬಾರ್ಬರಾ ಹೆನ್ರಿ.

ಈ ನಡುವೆ, 1958ರ ಅಕ್ಟೋಬರ್ 25ರಂದು, ಒಂದೇ ಶಾಲೆ ಬೇಕೆಂದು ಕೇಳಲು ಸುಮಾರು ಹತ್ತು ಸಾವಿರ ಯುವಕ ಯುವತಿಯರು ವಾಷಿಂಗ್ಟನ್‌ನಲ್ಲಿ ಮೆರವಣಿಗೆ ಹೊರಟರು. ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್, ಸಂಘಟಕ ಬೇಯರ್ಡ್ ರಸ್ಟಿನ್ ಇದರ ಹಿಂದಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಹಿಂದಿನ ತಿಂಗಳಷ್ಟೇ ಚೂರಿ ಇರಿತಕ್ಕೆ ಸಿಕ್ಕಿ ಚೇತರಿಸಿಕೊಳ್ಳುತ್ತಿದ್ದುದರಿಂದ ಅವರ ಮಾತುಗಳನ್ನು ಪತ್ನಿ ಕೊರೆಟಾ ಕಿಂಗ್ ಹೇಳಿದರು. ಗಾಯಕ ಹ್ಯಾರಿ ಬೆಲಫಾಂಟೆ ಕೆಲವು ವಿದ್ಯಾರ್ಥಿಗಳೊಂದಿಗೆ ಅಧ್ಯಕ್ಷರ ಭವನದ ತನಕ ಹೋದರು, ಒಳಗೆ ಬಿಡಲಿಲ್ಲ. 1959ರ ಏಪ್ರಿಲ್ 18ರಂದು ಮತ್ತೆ ಮೆರವಣಿಗೆ ನಡೆದಾಗ ಬಂದವರ ಸಂಖ್ಯೆ ಎರಡು ಪಟ್ಟಿಗೂ ಮೀರಿತ್ತು. ಶಾಲಾ ಹೋರಾಟದ ಬಿಲ್ಲೆಗಳನ್ನು ಕೂಡಿಡುವವರು ಆಸೆಪಟ್ಟು ಹುಡುಕುವುದು ಈ ‘ಯುವ ಮೆರವಣಿಗೆ’ಯ ಬಿಲ್ಲೆಗಳನ್ನು.

1964ರ ಫೆಬ್ರವರಿ 3ರಂದು ನ್ಯೂಯಾರ್ಕ್ ನಗರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದು ದಿನ ಶಾಲೆಗೆ ಹೋಗಲಿಲ್ಲ. ಅವರು ಆಟ ಆಡಿಕೊಂಡು ಕಾಲ ಕಳೆದರೆಂದು ತಿಳಿಯಬಾರದು. ಚರ್ಚುಗಳಲ್ಲಿ, ಸಮುದಾಯ ಭವನಗಳಲ್ಲಿ ‘ಸ್ವಾತಂತ್ರ್ಯ ಶಾಲೆ’ಗಳು ನಡೆದವು, ಬಹಳ ಮಕ್ಕಳು ಅಲ್ಲಿ ಕುಳಿತು ಪಾಠ ಕೇಳಿದರು.

ಬಿಲ್ಲೆಗೆ ಎರಡು ಕೆಲಸ. ಒಂದು ಗುರುತು, ಇನ್ನೊಂದು ಹಣ. 1963ರ ಆಗಸ್ಟ್ 28ರ ದೊಡ್ಡ ವಾಷಿಂಗ್ಟನ್ ಮೆರವಣಿಗೆಯ ಬಿಲ್ಲೆಯಲ್ಲಿ ಕರಿಯ ಕೈಯೂ ಬಿಳಿಯ ಕೈಯೂ ಹಸ್ತಲಾಘವ ಮಾಡುತ್ತಿರುವ ಚಿತ್ರವಿದೆ. ಅದನ್ನು 25 ಸೆಂಟಿಗೆ ಮಾರಿ ಖರ್ಚಿಗೆ ಹಣ ಕೂಡಿಸಿದರು. ಇನ್ನು ಕೆಲವು ಊರುಗಳಲ್ಲಿ ಇಂಥ ಬಿಲ್ಲೆ ಧರಿಸಿದರೆ ಕೆಲಸ ಹೋಗುವ, ಪೆಟ್ಟು ಬೀಳುವ ಭಯವಿತ್ತು. ಆದ್ದರಿಂದ ಹಳೆಯ ಬಿಲ್ಲೆಯೊಂದರ ಹಿಂದಿನ ಪಿನ್ನು ಬಾಗಿದ್ದರೆ, ಅದನ್ನು ಯಾರೋ ನಿಜವಾಗಿ ಧರಿಸಿದ್ದರು ಎಂದುಕೊಳ್ಳಬಹುದು. ತಿಳಿದ ಸಂಗ್ರಾಹಕರು ಅಂಥ ಪಿನ್ನನ್ನು ನೇರ ಮಾಡಲು ಹೋಗುವುದಿಲ್ಲ.

ವಿರೋಧಿಗಳೂ ಬಿಲ್ಲೆ ಧರಿಸಿದರು. ಅಲಬಾಮಾ ರಾಜ್ಯದ ಸೆಲ್ಮಾ ಊರಿನಲ್ಲಿ 1965ರಲ್ಲಿ ಷೆರಿಫ್ ಆಗಿದ್ದ ಜಿಮ್ ಕ್ಲಾರ್ಕ್ ತನ್ನ ಸಮವಸ್ತ್ರದ ಮೇಲೆ ‘ನೆವರ್’ ಎಂಬ ಒಂದೇ ಪದದ ಬಿಲ್ಲೆ ಹಾಕಿಕೊಂಡಿದ್ದ. ‘ಎಂದಿಗೂ ಇಲ್ಲ’ ಎಂದು ಅರ್ಥ. ಇಂಥದ್ದನ್ನೂ ಎಸೆಯದೆ ಇಡಬೇಕೆ ಎಂದು ಮಕ್ಕಳು ಕೇಳಿದರೆ, ಇಡಬೇಕು ಎಂಬುದೇ ಉತ್ತರ. ಅದನ್ನು ಎಸೆದರೆ, ಎದುರಿಗೆ ಯಾರೂ ಇರಲಿಲ್ಲ, ಹೋರಾಟ ಸುಲಭವಾಗಿತ್ತು ಎಂದು ಮುಂದಿನವರು ನಂಬಿಬಿಡುತ್ತಾರೆ. ಇಡುವಾಗ ಜೊತೆಗೆ ಒಂದು ಚೀಟಿ ಇರಬೇಕು: ಇದನ್ನು ಯಾರು, ಯಾವಾಗ, ಏತಕ್ಕೆ ಧರಿಸಿದರು.

ಧಾರವಾಡದ ಅರ್ಜಿ

ಈ ಕಥೆ ದೂರದ್ದು ಎನಿಸಬಹುದು. ಆದರೆ ಅಮೆರಿಕದ ಪ್ಲೆಸಿ ತೀರ್ಪಿಗೂ 40 ವರ್ಷ ಮೊದಲು, ಬಿಲ್ಲೆಯೇ ಹುಟ್ಟದಿದ್ದ ಕಾಲದಲ್ಲಿ, ಇದೇ ಪ್ರಶ್ನೆ ಕನ್ನಡ ನಾಡಿನಲ್ಲಿ ಎದ್ದಿತ್ತು.

1856ರ ಜೂನ್. ಆಗ ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಮಹಾರ ಜಾತಿಯ ಹುಡುಗನೊಬ್ಬ ಬಂದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗದೆ ಮುಂಬೈ ಸರ್ಕಾರಕ್ಕೇ ಅರ್ಜಿ ಹಾಕಿದ. ಜುಲೈ 21ರ ಠರಾವಿನಲ್ಲಿ ಸರ್ಕಾರ ಕೊಟ್ಟ ಉತ್ತರ ವಿಚಿತ್ರವಾಗಿದೆ. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದ ಜಾತಿಯವರು ಶಾಲೆ ಬಿಟ್ಟು ಹೋದಾರು ಎಂದು ಹೇಳಿ ಪ್ರವೇಶ ನಿರಾಕರಿಸಿತು. ಮರು ವರ್ಷ ಭಾರತ ಸರ್ಕಾರ ಇದನ್ನು ಗಮನಿಸಿ, ಬಂಗಾಳದಲ್ಲಾಗಿದ್ದರೆ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂಬರ್ಥದ ಅಭಿಪ್ರಾಯ ತಿಳಿಸಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ತ್ವವನ್ನು ಬರೆದು ಕಳುಹಿಸಿದರು. ಒಬ್ಬ ಹುಡುಗನ ಅರ್ಜಿ ಧಾರವಾಡದಿಂದ ಮುಂಬೈ, ಕಲ್ಕತ್ತ, ಲಂಡನ್ ಸುತ್ತಿ ಒಂದು ನಿಯಮವಾಯಿತು. ಡಾ. ಅಂಬೇಡ್ಕರ್ ತಮ್ಮ ಬರಹಗಳಲ್ಲಿ ಈ ಕಾಗದಪತ್ರಗಳನ್ನು ಮತ್ತೆ ಜನರ ಮುಂದಿಟ್ಟರು.

ಆದರೂ ಇಲ್ಲಿಯೂ ನಿಯಮ ಬಂದಷ್ಟು ಬೇಗ ಬಾಗಿಲು ತೆರೆಯಲಿಲ್ಲ. ಅಂಬೇಡ್ಕರ್ ಅವರೇ ಸಾತಾರದಲ್ಲಿ ಓದುವಾಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇರುವುದು ಬೇರೆ, ತರಗತಿಯಲ್ಲಿ ಜಾಗ ಇರುವುದು ಬೇರೆ. ರೂಬಿ ಬ್ರಿಜಸ್ ಖಾಲಿ ಬೆಂಚುಗಳ ನಡುವೆ ಒಬ್ಬಳೇ ಕುಳಿತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ 1859ರಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದರು. ದಲಿತ ಮಕ್ಕಳಿಗೆ ಬೇರೆಲ್ಲೂ ಜಾಗವಿಲ್ಲದಾಗ 1892ರಲ್ಲಿ ಅವರಿಗಾಗಿಯೇ ಶಾಲೆ ತೆರೆದರು. ಸ್ವಂತ ಜಾತಿಯವರ ಬಹಿಷ್ಕಾರ ಅನುಭವಿಸಿದರು. ಮೈಸೂರು ಸಂಸ್ಥಾನದಲ್ಲಿಯೂ ‘ಪಂಚಮ ಶಾಲೆ’ಗಳೆಂಬ ಬೇರೆ ಶಾಲೆಗಳಿದ್ದವು. ಎಲ್ಲ ಬಾಗಿಲುಗಳೂ ಮುಚ್ಚಿದ್ದ ಕಾಲದಲ್ಲಿ ಅವುಗಳಿಂದ ಉಪಕಾರವಾದದ್ದು ನಿಜ. ಆದರೆ ಬೇರೆ ಶಾಲೆ ಇದೆಯಲ್ಲ, ಇಲ್ಲಿಗೇಕೆ ಬರುತ್ತೀರಿ ಎಂದು ಹೇಳುವವರಿಗೆ ಅವು ನೆಪವೂ ಆದವು. 1915ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಜಾತಿಯ ಕಾರಣಕ್ಕೆ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದೆಂದು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ. ಆರ್. ರೆಡ್ಡಿ ಅದರ ಜಾರಿಗೆ ಒತ್ತು ಕೊಟ್ಟವರು. ಹಾಸನ ಜಿಲ್ಲೆಯೂ ಸಂಸ್ಥಾನದ ಭಾಗವೇ. ಹಿಂದೆ ಮಂಜರಾಬಾದ್ ಎಂದು ಕರೆಯುತ್ತಿದ್ದ ಇಂದಿನ ಸಕಲೇಶಪುರಕ್ಕೂ, ಪಕ್ಕದ ಆಲೂರು ಸೀಮೆಗೂ ಆ ಆದೇಶ ಅನ್ವಯಿಸುತ್ತಿತ್ತು.

1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 29ನೇ ವಿಧಿಯ ಎರಡನೆಯ ಖಂಡ, ಸರ್ಕಾರದ ಅಥವಾ ಅನುದಾನಿತ ವಿದ್ಯಾಸಂಸ್ಥೆಗಳಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣಕ್ಕಷ್ಟೇ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಂಥ ನಿರಾಕರಣೆಯನ್ನು ಶಿಕ್ಷಾರ್ಹ ಮಾಡಿತು. ಧಾರವಾಡದ ಹುಡುಗ ಅರ್ಜಿ ಹಾಕಿ ಆಗ ಸುಮಾರು ನೂರು ವರ್ಷ.

ಇಲ್ಲಿ ಏನನ್ನು ಕೂಡಿಡಬೇಕು

ಇಲ್ಲಿನ ಹೋರಾಟ ತಗಡಿನ ಬಿಲ್ಲೆಗಿಂತ ಹೆಚ್ಚಾಗಿ ಕಾಗದವನ್ನು ಬಿಟ್ಟುಹೋಗಿದೆ. ಅರ್ಜಿ, ಠರಾವು, ಪ್ರವೇಶದ ದಾಖಲಾತಿ ಪುಸ್ತಕ, ಏಳನೆಯ ತರಗತಿಯ ಗುಂಪು ಫೋಟೋ. ಆದರೂ ಬಿಲ್ಲೆಗಳು ಇಲ್ಲವೆಂದಲ್ಲ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಧರಿಸುವ ನೀಲಿ ಬ್ಯಾಡ್ಜು, ಎಪ್ಪತ್ತರ ದಶಕದಿಂದ ದಲಿತ ಚಳವಳಿಯ ಸಭೆಗಳಲ್ಲಿ ಹಂಚಿದ ಕರಪತ್ರ, ನೌಕರರು ಪ್ರತಿಭಟನೆಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ಆಗಸ್ಟ್ ಹದಿನೈದಕ್ಕೆ ಗುಂಡುಪಿನ್ನಿನಲ್ಲಿ ಚುಚ್ಚುವ ಕಾಗದದ ಬಾವುಟ: ಇವೆಲ್ಲ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಗುವಂಥವು. ಇವನ್ನು ಸಾಮಾನ್ಯವಾಗಿ ಮನೆಗೆ ಸುಣ್ಣ ಹೊಡೆಯುವಾಗ ಕಸಕ್ಕೆ ಹಾಕುತ್ತಾರೆ.

ಶಾಲೆಯ ಪುಸ್ತಕಗಳಿಗೂ ಇದೇ ಗತಿ. ಕಾಫಿ ತೋಟಗಳ ನಡುವಿನ ಸಣ್ಣ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಬಾಗಿಲು ಮುಚ್ಚಿದಾಗ ಹಳೆಯ ದಾಖಲಾತಿ ಪುಸ್ತಕಗಳು ಗೆದ್ದಲಿನ ಪಾಲಾಗುವ ಅಪಾಯವಿದೆ. ಆ ಊರಿನ ಯಾವ ಕೇರಿಯಿಂದ, ಯಾವ ಲೈನಿನಿಂದ ಮೊದಲ ಮಗು ಯಾವ ವರ್ಷ ಶಾಲೆಗೆ ಬಂತು ಎಂಬುದು ಅದರಲ್ಲಿ ಇರುತ್ತದೆ. ಅಂಥ ಪುಸ್ತಕಗಳನ್ನು ಯಾರೂ ಮನೆಗೆ ಒಯ್ಯಬಾರದು. ಅವುಗಳಲ್ಲಿ ಜನರ ಜಾತಿ, ಹುಟ್ಟಿದ ದಿನ ಎಲ್ಲ ಇರುತ್ತವೆ. ಅವು ಮುಖ್ಯೋಪಾಧ್ಯಾಯರ ಅಥವಾ ಇಲಾಖೆಯ ವಶದಲ್ಲಿಯೇ, ಒಣ ಜಾಗದಲ್ಲಿ ಇರಬೇಕು. ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬೇರೆ ಇದೆ. ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡುವುದು: ನಿಮ್ಮ ಕಾಲದಲ್ಲಿ ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ, ನಿಮ್ಮ ಪಕ್ಕ ಯಾರು ಕೂರುತ್ತಿದ್ದರು, ಕುಡಿಯುವ ನೀರಿನ ಕೊಡ ಯಾರು ಮುಟ್ಟುತ್ತಿದ್ದರು? ಉತ್ತರ ಕೆಲವೊಮ್ಮೆ ತಡವರಿಸಿ ಬಂದೀತು. ಒತ್ತಾಯ ಮಾಡಬಾರದು, ಹೇಳಿದಷ್ಟನ್ನು ಬರೆದು, ಕೆಳಗೆ ದಿನಾಂಕ ಹಾಕಬೇಕು.

ಮಲೆನಾಡಿನ ತೇವ, ತಗಡಿನ ತುಕ್ಕು

ಬಿಲ್ಲೆ ಕೂಡಿಡುವವರಿಗೆ ಸಕಲೇಶಪುರದ ಮಳೆಗಾಲ ದೊಡ್ಡ ಶತ್ರು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಶಾಲೆಯ ಮೂರು ಪ್ರನಾಳಗಳ ಪ್ರಯೋಗ ಇದನ್ನೇ ತೋರಿಸುತ್ತದೆ. ಬರೀ ನೀರಿನಲ್ಲಿಟ್ಟ ಮೊಳೆಗೆ ತುಕ್ಕು ಬರುತ್ತದೆ. ಕುದಿಸಿ ಗಾಳಿ ಕಳೆದು, ಮೇಲೆ ಎಣ್ಣೆ ಹೊಯ್ದ ನೀರಿನಲ್ಲಿಟ್ಟದ್ದಕ್ಕೂ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಗಾಳಿಯ ತೇವ ಹೀರಿಸಿದ ಪ್ರನಾಳದಲ್ಲಿಟ್ಟದ್ದಕ್ಕೂ ಬರುವುದಿಲ್ಲ. ಬಿಲ್ಲೆಯ ತಗಡಿಗೆ ತವರದ ಲೇಪವಿದ್ದರೂ, ಅಂಚು ಕತ್ತರಿಸಿ ಮಡಿಸಿದಲ್ಲಿ ಕಬ್ಬಿಣ ಬಯಲಾಗಿರುತ್ತದೆ. ತೇವ ಮೊದಲು ಅಲ್ಲಿ ನುಗ್ಗುತ್ತದೆ. ಆಮೇಲೆ ಒಳಗಿನ ಕಾಗದದ ಮೇಲೆ ಕಂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಒಮ್ಮೆ ಚುಕ್ಕೆ ಬಂದರೆ ತೆಗೆಯುವ ಉಪಾಯವಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಾನಿ ಇನ್ನೂ ಹೆಚ್ಚು.

ಹಳೆಯ ಬಿಲ್ಲೆಗಳ ಸೆಲ್ಯುಲಾಯ್ಡ್ ಇನ್ನೊಂದು ತೊಡಕಿನ ವಸ್ತು. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಇದನ್ನು ಮಾಡುತ್ತಾರೆ. ಹಳೆಯ ಸಿನಿಮಾ ರೀಲು, ಹಳೆಯ ಟೇಬಲ್ ಟೆನಿಸ್ ಚೆಂಡು ಇದರದ್ದೇ. ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರಬಹುದು. ಬೆಂಕಿಗೆ ಹಿಡಿದು ಪರೀಕ್ಷಿಸಲು ಮಾತ್ರ ಹೋಗಬಾರದು, ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಳೆಯದಾದಂತೆ ಅದು ನೈಟ್ರೋಜನ್ನಿನ ಆಕ್ಸೈಡುಗಳನ್ನು ಬಿಡುತ್ತದೆ. ತೇವದೊಂದಿಗೆ ಸೇರಿದರೆ ಅವು ಆಮ್ಲವಾಗಿ ತಗಡನ್ನೇ ತಿನ್ನುತ್ತವೆ. ಆದ್ದರಿಂದ ಇದನ್ನು ಗಾಳಿಯಾಡದ ಡಬ್ಬಿಯಲ್ಲಿ ಬಿಗಿದಿಡುವುದೂ ತಪ್ಪು. ಸ್ವಲ್ಪ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಅದರಲ್ಲಿ ಹೊಸ ಬೂಟಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ, ಬಿಲ್ಲೆ ಬಿಲ್ಲೆಗೆ ನಡುವೆ ಹತ್ತಿಬಟ್ಟೆ. ಪೆಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು. ಹೊಗೆ, ಶಾಖ ಎರಡೂ ಕೂಡದು.

ನಕಲಿಗಳ ಹಾವಳಿಯೂ ಇದೆ. ಹೆಸರಾದ ಬಿಲ್ಲೆಗಳನ್ನು ಮತ್ತೆ ಅಚ್ಚು ಹಾಕಿ ಹಳೆಯದೆಂದು ಮಾರುತ್ತಾರೆ. 1973ರ ಒಂದು ಅಮೆರಿಕನ್ ಕಾಯಿದೆಯ ಪ್ರಕಾರ ರಾಜಕೀಯ ಬಿಲ್ಲೆಗಳ ಪ್ರತಿಕೃತಿಯ ಮೇಲೆ ಅದು ತಯಾರಾದ ವರ್ಷ ಇರಬೇಕು, ಎಲ್ಲರೂ ಪಾಲಿಸುವುದಿಲ್ಲ. ಭೂತಗನ್ನಡಿಯಲ್ಲಿ ಅಂಚನ್ನೂ ಹಿಂಬದಿಯನ್ನೂ ನೋಡಬೇಕು. ಹಳೆಯ ಬಿಲ್ಲೆಯ ಅಂಚಿನಲ್ಲಿ ಮುದ್ರಕರ ಹೆಸರೋ, ಮುದ್ರಣ ಕಾರ್ಮಿಕರ ಸಂಘದ ಪುಟ್ಟ ಮುದ್ರೆಯೋ ಇರುವುದುಂಟು. ಬಣ್ಣದ ಚುಕ್ಕೆಗಳು ಈಗಿನ ಕಂಪ್ಯೂಟರ್ ಪ್ರಿಂಟರಿನ ಚುಕ್ಕೆಗಳಂತಿದ್ದರೆ, ಮಾರುವವರು ಏನೇ ಹೇಳಲಿ, ಅದು 1958ರದ್ದಲ್ಲ.

ಕೊನೆಗೆ ಪಾಲಕರಿಗೆ ಒಂದು ಮಾತು. ಬಣ್ಣದ, ಜಾತಿಯ ಹೆಸರಿನ ಶಾಲೆಗಳು ಕಾನೂನಿನಲ್ಲಿ ಹೋದವು. ಆದರೆ ಹಣದಿಂದ ಮಕ್ಕಳು ಬೇರೆಯಾಗುವುದು ಇನ್ನೂ ಇದೆ. ತೋಟದ ಧಣಿಯ ಮಗು ಒಂದು ಶಾಲೆಗೂ, ಅದೇ ತೋಟದ ಲೈನಿನ ಮಗು ಇನ್ನೊಂದು ಶಾಲೆಗೂ ಹೋಗುವುದು ಈ ಗುಡ್ಡಗಳಲ್ಲಿ ಯಾರಿಗೂ ಹೊಸದಲ್ಲ. ಅಸ್ಸಾಂ ಮುಂತಾದ ಕಡೆಗಳಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ಭಾಷೆಯ ತೊಡಕು ಬೇರೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರಲ್ಲಿ ಆದ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ, ತಮ್ಮ ಮಗುವಿಗೆ ಪುಸ್ತಕ ಕೊಳ್ಳುವ ಜೊತೆಗೆ, ಪಕ್ಕದ ಲೈನಿನಲ್ಲಿ ದಾಖಲಾಗದೆ ಉಳಿದ ಮಗು ಇದೆಯೇ ಎಂದು ವಿಚಾರಿಸಿ, ಇದ್ದರೆ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಬಹುದು. ಅದಕ್ಕೆ ಬಿಲ್ಲೆಯೂ ಬೇಡ, ಮೆರವಣಿಗೆಯೂ ಬೇಡ. 1856ರಲ್ಲಿ ಧಾರವಾಡದ ಹುಡುಗ ಕೇಳಿದ್ದೂ ಇಷ್ಟನ್ನೇ: ಹಾಜರಿ ಪುಸ್ತಕದಲ್ಲಿ ಒಂದು ಸಾಲು, ತರಗತಿಯಲ್ಲಿ ಒಂದು ಜಾಗ.